ತಲೆಯ ಮೇಲಿನ ಕಿತ್ತಳೆ ಹಣ್ಣು

ಚಿನ್ನೂ, ಬಂಟೂ, ಆ ವಿಡಿಯೋದಲ್ಲಿ ಅಜ್ಜಿ ಅಷ್ಟು ಅಲುಗದೆ ಹೇಗೆ ಕುಳಿತಿದ್ದಳೆಂದು ನೀವು ಇನ್ನೂ ಕೇಳುತ್ತೀರಿ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಆ ಕ್ಯಾಪಿಬಾರಾ ಎಂಬ ಪ್ರಾಣಿಯಿಂದ ನನಗೆ ಸಾಕುಸಾಕಾಗಿದೆ. ಜಾತಿಯಲ್ಲಿ ಇಲಿಯಂತೆ, ಗಾತ್ರದಲ್ಲಿ ಕುರಿ. ಶಾಲೆಯಿಂದ ಬಂದು ಬೂಟು ಬಿಚ್ಚುವ ಮೊದಲೇ ಫೋನಿನಲ್ಲಿ ಅದರ ಮುಖ ನೋಡಬೇಕು. ಬಿಸಿನೀರಿನಲ್ಲಿ ಕುಳಿತಾಗ ತಲೆಯ ಮೇಲೆ ಕಿತ್ತಳೆ ಹಣ್ಣು ಇಟ್ಟರೂ ಅದು ಕಣ್ಣು ತೆರೆಯುವುದಿಲ್ಲವಲ್ಲ, ಅದೇ ನಿಮಗೆ ದೊಡ್ಡ ಚೆಂದ. ನಮ್ಮ ಕಾಂದಿವಲಿಯ ಬಿಲ್ಡಿಂಗಿನ ಕೆಳಗೆ ಮಲಗುವ ಮುದಿ ನಾಯಿಯನ್ನು ದಾಟಲು ಹೆದರಿ ನನ್ನ ಸೆರಗು ಹಿಡಿಯುವವರೂ ನೀವೇ.

ಆ ಭಾನುವಾರ ಕಾಲು ಬಾತಿದ್ದವು. ಉಪ್ಪು ಹಾಕಿದ ಬಿಸಿನೀರಿನ ಟಬ್ಬಿನಲ್ಲಿ ಪಾದ ಇಟ್ಟು, ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದೆ. ಬೆಳಿಗ್ಗೆಯಷ್ಟೇ ನಿಮ್ಮ ಅಮ್ಮ, ಯಾರದೋ ದೃಷ್ಟಿ ತಾಗಿರಬೇಕು, ನಿಂಬೆಹಣ್ಣು ನಿವಾಳಿಸಿ ಒಗೆಯುತ್ತೇನೆ ಎಂದಿದ್ದಳು. ನೆತ್ತಿಗೆ ತಣ್ಣಗೆ ಏನೋ ತಾಗಿದಾಗ ಅವಳೇ ಬಂದಳೆಂದುಕೊಂಡೆ. ದೃಷ್ಟಿ ತೆಗೆಯುವಾಗ ಅಲುಗಬಾರದು, ಮಾತಾಡಬಾರದು. ನಿಂಬೆಹಣ್ಣು ಇಷ್ಟು ಭಾರವೇ ಎನ್ನಿಸಿತು. ಮುಂಬಯಿಯ ಬಜಾರಿನಲ್ಲಿ ಎಂಥವೂ ಸಿಗುತ್ತವೆ ಎಂದು ಸುಮ್ಮನಾದೆ. ನಿಮ್ಮ ಅಜ್ಜ ಹೋದ ಮೇಲೆ ಯಾರೂ ನನಗೆ ದೃಷ್ಟಿ ತೆಗೆದಿರಲಿಲ್ಲ. ಅಳು ಬಂದೀತೆಂದು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದೆ.

ಯಾರೋ ಕಿಸಕ್ಕನೆ ನಕ್ಕರು. ತಲೆ ಎತ್ತಿದರೆ ಕಿತ್ತಳೆ ಹಣ್ಣು ಉರುಳಿ ಮಡಿಲಿಗೆ ಬಿತ್ತು. ಎದುರಿಗೆ ನೀವಿಬ್ಬರು, ನಿಮ್ಮ ಕೈಯಲ್ಲಿ ಫೋನು.

ಆ ವಿಡಿಯೋವನ್ನು ನೀವು ಅಂದೇ ಎಲ್ಲರಿಗೂ ಹಂಚಿದ್ದಿರಿ. ಮರುದಿನ ಲಿಫ್ಟಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು 'ಕ್ಯೂಟ್ ದಾದಿ', ಮುದ್ದು ಅಜ್ಜಿ, ಎಂದು ನನ್ನ ಗಲ್ಲ ಹಿಡಿದಳು. ಹಣ್ಣಿನ ಗಾಡಿಯವನು ಒಂದು ಕಿತ್ತಳೆಯನ್ನು ತನ್ನ ತಲೆಯ ಮೇಲಿಟ್ಟು ತೋರಿಸಿದ. ಮದುವೆಯ ಫೋಟೋದಲ್ಲೂ ಅರ್ಧ ಮುಖ ಮರೆಮಾಡಿಕೊಂಡವಳು ನಾನು. ಹಾಲು ತರಲು ಕೆಳಗಿಳಿಯುವುದನ್ನೇ ಬಿಟ್ಟೆ.

ಆ ವಿಡಿಯೋ ತೆಗೆದುಹಾಕಿ ಎಂದಾಗ, ಚಿನ್ನೂ, ನೀನು ಕಣ್ಣರಳಿಸಿ ಹೇಳಿದೆ: "ಅಜ್ಜಿ, ಸಬ್ ಲೋಗ್ ನಿನಗ ಲವ್ ಮಾಡ್ಲಿಕತ್ತಾರ. ಗುಸ್ಸಾ ಯಾಕ?"

"ಆ ಪ್ರಾಣಿಗೆ ಸಿಟ್ಟು ಬರೂದಿಲ್ಲ, ನನಗ ಬರ್ತದ," ಎಂದೆ. "ಊರ ಮಂದಿ ಕಣ್ಣೆಲ್ಲಾ ನನ್ನ ಮ್ಯಾಲ ಬಿದ್ದಾವ. ಈಗರ ದೃಷ್ಟಿ ತೆಗೀರಿ."

ವಿಡಿಯೋ ತೆಗೆದುಹಾಕಿದಿರಿ. ಕಂಡವರ ಫೋನುಗಳಲ್ಲಿ ಅದು ಇನ್ನೂ ಓಡಾಡುತ್ತಿದೆಯಂತೆ, ಏನು ಮಾಡಲಿ. ಆದರೆ ಬಂಟೂ, ನೀನು ಅಡುಗೆಮನೆಯಿಂದ ನಿಂಬೆಹಣ್ಣು ತಂದು, ಯಾವ ಕಡೆಯಿಂದ ಸುತ್ತಬೇಕೆಂದು ತಿಳಿಯದೆ ಎರಡೂ ಕಡೆಯಿಂದ ನಿವಾಳಿಸಿದೆ. ನಾನು ಅಲುಗಲಿಲ್ಲ. ಒಂದು ಕಣ್ಣನ್ನು ಮಾತ್ರ ತೆರೆದೇ ಇಟ್ಟಿದ್ದೆ.

ಓದಲು ತಡವರಿಸಿದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ಆಮೇಲೆ ಈ ಹಾಳೆಗಳನ್ನು ನನ್ನ ಸೀರೆಗಳ ಕೆಳಗೆ ಜೋಪಾನವಾಗಿ ಇಡಿ. ಫೋನಿಗೆ ಮಾತ್ರ ತೋರಿಸಬೇಡಿ.