ಮೇ ತಿಂಗಳ ಕರಿ ಕೋಟು

ಹುಬ್ಬಳ್ಳಿಯ ಮೇ ತಿಂಗಳ ಬಿಸಿಲಿಗೆ ಮಂದಿ ಅಂಗಿ ಕಳಚಿ ಪಡಸಾಲೆಯಲ್ಲಿ ಅಡ್ಡಾಗುವ ಹೊತ್ತಿಗೆ, ಕಮರಿಪೇಟೆಯ ನಮ್ಮ ಓಣಿಯಲ್ಲಿ ಒಂದು ಕರಿ ಕೋಟು ನಡೆದು ಬರುತ್ತಿತ್ತು. ಕೋಟಿನೊಳಗೆ ಶಿವಲಿಂಗಪ್ಪ ಮಾಸ್ತರು. ತಲೆಗೆ ರುಮಾಲು, ಕಂಕುಳಲ್ಲಿ ಛತ್ರಿ. ಆ ಛತ್ರಿ ಬಿಚ್ಚಿದ್ದನ್ನು ನಾನಂತೂ ಕಂಡಿಲ್ಲ. ರಜೆಯಲ್ಲೂ ಕೋಟು ಯಾಕೆಂದು ಕಾಡಿಸಿದರೆ, "ಸಾಲಿಗೆ ಹೊಂಟಮ್ಯಾಲ ಕೋಟು ಬೇಕಲ್ಲರಿ" ಎನ್ನುತ್ತಿದ್ದರು.

ಇದು ಮೂವತ್ತರ ದಶಕದ ಮಾತು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿಸುತ್ತಿದ್ದೆವು. ನಾನು ಕಾಯಂ, ಅವರು ಹಂಗಾಮಿ. ಏಪ್ರಿಲ್ ಕೊನೆಗೆ ಶಾಲಾ ಮಂಡಳಿ ಅವರನ್ನು ಕೆಲಸದಿಂದ ಇಳಿಸುತ್ತಿತ್ತು, ಜೂನಿನಲ್ಲಿ ಹೊಸ ಆಜ್ಞೆ ಕೊಟ್ಟು ಮತ್ತೆ ಹತ್ತಿಸುತ್ತಿತ್ತು. ಹೀಗೆ ಆರು ವರ್ಷ. ನಡುವಿನ ರಜೆಯಲ್ಲಿ, ಆಗಿನ ಹೆಡ್‌ಮಾಸ್ತರರ ಬಾಯಿಮಾತಿನ ಅಪ್ಪಣೆಯ ಮೇಲೆ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಹುಡುಗರಿಗೆ ಇವರು ಪಾಠ ಹೇಳುತ್ತಿದ್ದರು. ಶಾಲೆಯ ಕೀಲಿ ನನ್ನ ಮನೆಯಲ್ಲಿರುತ್ತಿತ್ತು. ದಿನಾ ಬಂದು, ನನ್ನ ಹೆಂಡತಿ ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು, ಒಂದು ತಂಬಿಗೆ ನೀರು ಗಟಗಟ ಕುಡಿದು ಕೀಲಿ ಒಯ್ಯುತ್ತಿದ್ದರು.

ಬೆತ್ತ ಮುಟ್ಟಿದವರಲ್ಲ. ಆದರೆ ಯಾವನಾದರೂ ತಪ್ಪಿದ ಲೆಕ್ಕವನ್ನು ಪಾಟಿಯಿಂದ ಉಗುಳು ಹಚ್ಚಿ ಒರೆಸಿದರೆ ಅವರ ಸಿಟ್ಟು ನೆತ್ತಿಗೇರುತ್ತಿತ್ತು. "ಅಳಸಬ್ಯಾಡೋ. ಎಲ್ಲಿ ತಪ್ಪಿದಿ ಅನ್ನೂದು ನಿನಗ ಕಾಣ್ತಿರಬೇಕು." ತಪ್ಪಿನ ಕೆಳಗೇ ಸರಿ ಲೆಕ್ಕ ಬರೆಸುತ್ತಿದ್ದರು.

ಏಳನೆಯ ವರ್ಷ ಅವರ ಜಾಗ ಕಾಯಂ ಆಯಿತು. ಆಜ್ಞೆ ಬಂದದ್ದು ಮಾತ್ರ ಮಂಡಳಿಯ ಅಧ್ಯಕ್ಷರ ಸೋದರಳಿಯನಿಗೆ. ಮಾಸ್ತರು ಧಾರವಾಡದ ಕೋರ್ಟಿನಲ್ಲಿ ದಾವೆ ಹೂಡಿದರು. ಪ್ರತಿ ಮೇ ತಿಂಗಳಲ್ಲಿ ಇವರ ನೌಕರಿ ಮುರಿದಿದೆ, ಆರು ವರ್ಷದ ಹಕ್ಕು ಎಲ್ಲಿಂದ ಬಂತು ಎಂದು ಮಂಡಳಿ ಕೇಳಿತು. ಹಾಜರಿ ಪುಸ್ತಕದಲ್ಲಿ ಮೇ ತಿಂಗಳೇ ಇರಲಿಲ್ಲ. ಅಪ್ಪಣೆ ಕೊಟ್ಟ ಹೆಡ್‌ಮಾಸ್ತರರು ತೀರಿಕೊಂಡಿದ್ದರು. ರಜೆಯಲ್ಲೂ ಪಾಠ ನಡೆದದ್ದಕ್ಕೆ ಹುಡುಗರನ್ನೇ ಸಾಕ್ಷಿಗೆ ಕರೆಸೋಣವೆಂದು ಅವರ ವಕೀಲರು ಹೇಳಿದಾಗ ಮಾಸ್ತರು ಒಪ್ಪಲಿಲ್ಲ.

"ನನ್ನ ನೌಕರಿ ಸಲುವಾಗಿ ಹುಡುಗರನ್ನ ಕಟಕಟಿ ಹತ್ತಸೂದಿಲ್ರಿ. ಚನ್ನಪ್ಪನವರು ಅದಾರಲ್ಲ."

ಚನ್ನಪ್ಪ ಎಂದರೆ ನಾನು.

ಸಾಕ್ಷಿಗೆ ವಾರವಿರುವಾಗ ಮಂಡಳಿಯ ಗುಮಾಸ್ತ ನಮ್ಮ ಮನೆಗೆ ಬಂದ. ಕಲಘಟಗಿಯ ಆಚೆ ಕಾಡಂಚಿನಲ್ಲಿ ಒಂದು ಶಾಲೆಯಲ್ಲಿ ಮಾಸ್ತರರ ಜಾಗ ಖಾಲಿ ಇದೆಯೆಂದೂ, ಅಲ್ಲಿ ಚಳಿಜ್ವರ ಬಹಳವೆಂದೂ ಹರಟೆಯ ಹಾಗೆ ಹೇಳಿ ಹೋದ. ನನ್ನ ಹೆಂಡತಿ ಆಗ ಬಸುರಿ. ಸಾಕ್ಷಿಯ ದಿನ ಧಾರವಾಡದ ರೈಲಿನಲ್ಲಿ ಮಾಸ್ತರು ರೊಟ್ಟಿಯ ಗಂಟು ಬಿಚ್ಚಿ ಅರ್ಧ ನನಗೆ ಕೊಟ್ಟರು. ನಾನು ತಿಂದೆ. ಕಟಕಟೆಯಲ್ಲಿ ನಿಂತಾಗ ಮಾಸ್ತರರ ವಕೀಲರು, ರಜೆಯಲ್ಲಿ ಇವರು ನಿಮ್ಮಿಂದ ಕೀಲಿ ಒಯ್ಯುತ್ತಿದ್ದರೇ ಎಂದು ಕೇಳಿದರು.

"ನೆನಪಿಲ್ರಿ" ಎಂದೆ.

ಇನ್ನೊಮ್ಮೆ ಕೇಳಿದರು, ಅದನ್ನೇ ಹೇಳಿದೆ. ಮಾಸ್ತರು ಛತ್ರಿಯ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ನನ್ನನ್ನೇ ನೋಡುತ್ತಿದ್ದರು. ನೆನಪಿತ್ತು, ಯಾಕಿಲ್ಲ? ಈಗಲೂ ಇದೆ, ನಾಚಿಕೆಯೂ ಇದೆ. ದಾವೆ ಬಿದ್ದುಹೋಯಿತು.

ಮುಂದಿನ ಮೇ ತಿಂಗಳು ಬಂತು. ಕಾಯಂ ಆದ ಹೊಸ ಮಾಸ್ತರ ರಜೆಗೆ ತನ್ನ ಊರು ಸೇರಿದ್ದ. ಒಂದು ಮಧ್ಯಾಹ್ನ ಬಾಗಿಲಲ್ಲಿ ಕರಿ ಕೋಟು ಕಂಡಿತು.

"ಹುಡುಗರು ಬಂದು ನಿಂತಾರ್ರಿ. ಕೀಲಿ ಕೊಡ್ರಿ" ಎಂದರು.

ಮಂಡಳಿಗೆ ತಿಳಿದರೆ ತಿಳಿಯಲಿ ಎಂದು ಕೀಲಿ ಕೊಟ್ಟೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಧೈರ್ಯ ಅದು. ಅವತ್ತು ಕೋರ್ಟಿನಲ್ಲಿ ನಾನು ಹಾಗೆ ಹೇಳಿದ್ದು ಯಾಕೆಂದರೆ, ಎಂದು ಬಾಯಿ ತೆಗೆದೆ.

"ಅಳಸಾಕ ಹೋಗಬ್ಯಾಡ್ರಿ, ಚನ್ನಪ್ಪನವರ" ಎಂದರು, ಹುಡುಗರಿಗೆ ಹೇಳುವ ದನಿಯಲ್ಲೇ.

ಅದೇ ಕೊನೆಯ ಭೇಟಿ. ಕೀಲಿಯನ್ನು ರಜೆ ಮುಗಿಯುವತನಕ ತಮ್ಮಲ್ಲೇ ಇಟ್ಟುಕೊಂಡರು. ಜೂನಿನಲ್ಲಿ ನೋಡಿದರೆ ಅದು ಶಾಲೆಯ ಬೀಗದಲ್ಲಿ ತೂಗುತ್ತಿತ್ತು, ಅವರು ಊರು ಬಿಟ್ಟಿದ್ದರು. ಅಷ್ಟು ಬಿಸಿಲಲ್ಲಿ ನಡೆದು ಬಂದಿದ್ದರೂ, ಆ ಮಧ್ಯಾಹ್ನ ನನ್ನ ಹೆಂಡತಿ ತಂದಿಟ್ಟ ನೀರನ್ನು ಅವರು ಮುಟ್ಟಿರಲಿಲ್ಲ.