ನುಸಿಯ ರೆಕ್ಕೆಗೆ ಕೂದಲು ಬರೆದ ಭಾನುವಾರ

ಜಯನಗರದ ನಮ್ಮ ಹೊಸ ಮನೆಯ ಗೋಡೆಗೆ ಮೊಳೆ ಹೊಡೆಯುವ ಹಕ್ಕು ಯಾರಿಗೂ ಇರಲಿಲ್ಲ. ಅರವತ್ತರ ದಶಕದ ಆರಂಭ ಅದು. ಅಪ್ಪ ಗುಮಾಸ್ತಿಕೆಯ ಉಳಿತಾಯವನ್ನೆಲ್ಲ ಸುರಿದು ಕಟ್ಟಿಸಿದ ಮನೆ. ಸುಣ್ಣ ಬಳಿದು ಎರಡು ವರ್ಷವಾದರೂ ಕ್ಯಾಲೆಂಡರು ಕಿಟಕಿಯ ಸರಳಿಗೇ ನೇತಾಡುತ್ತಿತ್ತು. ಅಂಥ ಮನೆಯ ನಡುಮನೆಯಲ್ಲಿ ಒಂದು ನುಸಿಯ ಫೋಟೋ ಹಾಕಬೇಕೆಂದು ನಾನು ಹಟ ಹಿಡಿದಿದ್ದೆ.

ನುಸಿ, ಅಂದರೆ ಮೊಗ್ಗಿನೊಳಗೆ ಅವಿತು ರಸ ಹೀರುವ ಪುಟ್ಟ ಕೀಟ, ಅಪ್ಪನ ಗುಲಾಬಿಗಳ ಶತ್ರು. ಪುಟ್ಟೇನಹಳ್ಳಿಯಿಂದ ಗಾಡಿಯಲ್ಲಿ ಗೊಬ್ಬರ ತರಿಸಿ ಸಾಕಿದ ಗಿಡಗಳು, ಮೊಗ್ಗು ಬಿರಿಯುವ ಮೊದಲೇ ದಳದ ಅಂಚೆಲ್ಲ ಕಂದು. ಎದುರುಮನೆಯವರ ಕಣ್ಣು ತಾಗಿದೆ ಎಂದು ಅಪ್ಪ ಗೊಣಗುತ್ತಿದ್ದರು. ನಾನಾಗ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಒಂದು ಮೊಗ್ಗನ್ನು ಒಯ್ದು ಬಿಳಿ ಕಾಗದದ ಮೇಲೆ ಕೊಡವಿದೆ. ರವೆಯ ಕಾಳಿಗಿಂತ ಸಣ್ಣದೇನೋ ಓಡಿತು. ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದವಳು ಲ್ಯಾಬಿನಲ್ಲಿ ಒಬ್ಬಳೇ ಕಿರುಚಿಬಿಟ್ಟೆ. ಕಡ್ಡಿಯಂಥ ನಾಲ್ಕು ರೆಕ್ಕೆ, ಪ್ರತಿ ರೆಕ್ಕೆಯ ಅಂಚಿಗೂ ಉದ್ದನೆಯ ನವಿರು ಕೂದಲು, ಬಾಚಿಟ್ಟ ಹಾಗೆ! ಲ್ಯಾಬಿನ ಕ್ಯಾಮೆರಾವನ್ನು ಮೈಕ್ರೋಸ್ಕೋಪಿಗೆ ಬಿಗಿದು ಅವತ್ತೇ ಫೋಟೋ ತೆಗೆದೆ.

ಮನೆಗೆ ಬಂದು ಹೇಳಿದರೆ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

“ಗಿಡ ಹಾಳು ಮಾಡಿದ್ದನ್ನ ನಡುಮನೇಲಿ ಕೂರಿಸ್ತಾಳಂತೆ! ಮಾಡಿಸ್ಕೊಂಡು ಬಾ, ನೋಡೋಣ. ಚೆನ್ನಾಗಿದ್ರೆ ಮೊಳೆ ಹೊಡೆಯೋಣ. ಇಲ್ದಿದ್ರೆ ಈ ಹುಳದ ಮಾತು ಮತ್ತೆ ಈ ಮನೇಲಿ ಎತ್ತಕೂಡದು.”

ನನ್ನ ಕೆಲಸ ಏನೆಂದು ಅವರು ಒಂದು ದಿನವೂ ಕೇಳಿದವರಲ್ಲ. ಗೋಡೆಯ ಮೇಲಿದ್ದರೆ ದಿನವೂ ನೋಡಲೇಬೇಕಲ್ಲ ಎಂಬ ಆಸೆ ನನಗೆ. ಆ ಆಸೆಯನ್ನೆಲ್ಲ ಆ ಒಂದು ಫೋಟೋದ ಮೇಲೆ ಕಟ್ಟಿಬಿಟ್ಟಿದ್ದೆ.

ನೆಗೆಟಿವ್ವನ್ನು ಗಾಂಧಿಬಜಾರಿನ ಒಂದು ಸ್ಟುಡಿಯೋಗೆ ಕೊಟ್ಟೆ. ದೊಡ್ಡದು ಮಾಡಿ ಎಂದೆ, ಅಷ್ಟೇ. ಶನಿವಾರ ಕಾಲೇಜಿನ ಮುಖ್ಯಸ್ಥರನ್ನು ಕಾಡಿ ಬೇಡಿ ಮೈಕ್ರೋಸ್ಕೋಪನ್ನೂ ನುಸಿಯಿದ್ದ ಗಾಜಿನ ಪಟ್ಟಿಯನ್ನೂ ಸೋಮವಾರದವರೆಗೆ ಮನೆಗೆ ತಂದೆ, ಚಿತ್ರದ ಜೊತೆ ನಿಜವಾದದ್ದನ್ನೂ ತೋರಿಸೋಣವೆಂದು. ಸಂಜೆ ಸ್ಟುಡಿಯೋಗೆ ಓಡಿದೆ. ಅಲ್ಲಿ ನೆಗೆಟಿವ್ ತಿದ್ದುವ ಮುದುಕರು ಅಗಲವಾದ ಚಿತ್ರವನ್ನು ಹೆಮ್ಮೆಯಿಂದ ಬಿಚ್ಚಿದರು.

ರೆಕ್ಕೆಗಳಿಗೆ ಕೂದಲೇ ಇರಲಿಲ್ಲ. ನಾಲ್ಕು ಬೋಳು ಕಡ್ಡಿಗಳು.

“ಗೀರೋ ಗೀರು, ತಾಯಿ! ಮೂರು ದಿನ ಕೂತು ನೆಗೆಟಿವ್ವಿಗೆ ಬಣ್ಣ ಹಚ್ಚಿ ಒಂದೊಂದನ್ನೂ ಮುಚ್ಚಿದ್ದೀನಿ. ಮೈನೂ ಸ್ವಲ್ಪ ಬೆಳ್ಳಗೆ ಮಾಡಿದ್ದೀನಿ.”

ಬಸವನಗುಡಿಯ ಅರ್ಧ ಹೆಣ್ಣುಮಕ್ಕಳ ಫೋಟೋಗಳು ಗಂಡಿನ ಮನೆಗೆ ಹೋಗುವ ಮುಂಚೆ ಇವರ ಕೈ ದಾಟಿ ಹೋಗುತ್ತಿದ್ದವು. ಸಿಡುಬಿನ ಕಲೆ, ಹಣೆಯ ಮೇಲಿನ ಕೆದರು ಕೂದಲು, ಮೈಬಣ್ಣದ ಕೊರತೆ ಎಲ್ಲವೂ ಅಲ್ಲಿ ಮಾಯ. ನನ್ನ ನುಸಿಯನ್ನೂ ವಧುಪರೀಕ್ಷೆಗೆ ಸಿದ್ಧ ಮಾಡಿಬಿಟ್ಟಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

“ಗೀರಲ್ಲ ಸ್ವಾಮಿ ಅದು, ಕೂದಲು! ಅದಿಲ್ದೆ ಇದು ನುಸೀನೇ ಅಲ್ಲ!”

ಒಳಗೆ ಫೋಟೋಗೆ ಕುಳಿತಿದ್ದ ಮದುಮಗ ಕೂಡ ಬಗ್ಗಿ ನೋಡಿದ. ಮುದುಕರ ಮುಖ ಸಣ್ಣದಾಯಿತು.

“ಇಷ್ಟು ವರ್ಷದಲ್ಲಿ ರೆಕ್ಕೆಗೆ ಕೂದಲಿರೋದು ನಾನು ಕಾಣೆ, ತಾಯಿ. ಬಣ್ಣ ನೆಗೆಟಿವ್ವಿಗೆ ಇಳಿದುಹೋಗಿದೆ, ಇನ್ನು ತೊಳೆದರೂ ಬಿಡಲ್ಲ.”

“ನಾಳೆ ಬೆಳಿಗ್ಗೆ ಮನೆಗೆ ಬನ್ನಿ, ತೋರಿಸ್ತೀನಿ,” ಎಂದು ವಿಳಾಸ ಬರೆದುಕೊಟ್ಟು ಬಂದೆ.

ಅವರು ನಿಜಕ್ಕೂ ಬಂದರು, ಕುಂಚದ ಡಬ್ಬಿಯನ್ನೂ ಆ ಚಿತ್ರವನ್ನೂ ಕಂಕುಳಲ್ಲಿಟ್ಟುಕೊಂಡು. ಮೈಕ್ರೋಸ್ಕೋಪನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಿದ್ದೆ. ಕನ್ನಡಕ ತೆಗೆದು ಬಗ್ಗಿದರು. ಆಮೇಲೆ ಸೂರು ಕಿತ್ತುಹೋಗುವಂತೆ ಕೂಗಿದರು.

“ಅಯ್ಯೋ ಶಿವನೇ! ಇದನ್ನ ನಾನು ಗೀರು ಅಂದ್ನಲ್ಲ! ಯಾವ ಕುಂಚದಲ್ಲಿ ಬರೆದನಪ್ಪ ಅವನು!”

ಚಿತ್ರದ ಮೇಲೆಯೇ ಕೂದಲು ಬರೆದುಕೊಡುತ್ತೇನೆಂದು ಅಂಗಲಾಚಿದರು. ನಾನು ಹಿಂಜರಿದೆ. ಕುಂಚದ ಕೂದಲು ಲ್ಯಾಬಿನ ಲೆಕ್ಕದಲ್ಲಿ ಶುದ್ಧ ಸುಳ್ಳು. ಆದರೆ ಅವರ ಬೆರಳುಗಳು ಆಗಲೇ ಡಬ್ಬಿಯ ಮುಚ್ಚಳ ಬಿಚ್ಚುತ್ತಿದ್ದವು, ನನಗೂ ಆ ಉಮೇದು ಅಂಟಿಕೊಂಡಿತು. ಇದು ಲ್ಯಾಬಿಗಲ್ಲ, ಗೋಡೆಗೆ ಎಂದುಕೊಂಡು ಬರೆಯಿರಿ ಎಂದೆ. ಒಂದು ಸಲ ಮೈಕ್ರೋಸ್ಕೋಪಿನೊಳಗೆ ನೋಡುವುದು, ಒಂದು ಎಳೆ ಬರೆಯುವುದು, “ಆಹಾ” ಎನ್ನುವುದು, ಹೀಗೇ ನಡೆಯಿತು.

ಗದ್ದಲ ಕೇಳಿ ಅಪ್ಪ ತೋಟದಿಂದ ಮಣ್ಣಿನ ಕೈಯಲ್ಲೇ ಬಂದರು.

“ಏನ್ರೀ ಅದು ಅಂಥಾದ್ದು?”

“ಬನ್ನಿ ಸ್ವಾಮಿ! ಇಂಥಾದ್ದನ್ನ ಮನೇಲಿಟ್ಕೊಂಡು ಹೊರಗೆ ಮಣ್ಣು ಅಗೀತಿದ್ದೀರಲ್ಲ!”

ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಅವರು ಏಳಲೇ ಇಲ್ಲ.

“ಇದೇ ಏನೇ ನನ್ನ ಗುಲಾಬಿ ತಿಂದಿದ್ದು?”

“ಹೂಂ ಅಪ್ಪ.”

“ಎಷ್ಟು ಚೆನ್ನಾಗಿದೆಯಲ್ಲೇ ಹಾಳಾದ್ದು!”

ಕೊನೆಗೆ ಮುದುಕರೇ, “ಸ್ವಲ್ಪ ಬಿಡಿ ಸ್ವಾಮಿ, ಬಲಗಡೆ ರೆಕ್ಕೆ ಬಾಕಿ ಇದೆ,” ಎನ್ನಬೇಕಾಯಿತು. ಅಪ್ಪ ಹೋಗಿ ಬಾಗಿಲಿಗೆದುರಿನ ಗೋಡೆಯನ್ನು ಗೇಣು ಹಾಕಿ ಅಳೆದರು. ಮತ್ತೆ ಬಂದು ನೋಡಿದರು. ಹೀಗೆ ಎಷ್ಟು ಸಲವೋ. ನಾನು ಸಂತೋಷ ತಡೆಯಲಾರದೆ ಎಲ್ಲರಿಗೂ ಎರಡೆರಡು ಸಲ ಕಾಫಿ ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಚಿತ್ರ ಮುಗಿಯಿತು. ಸ್ಟುಡಿಯೋದ ಪದ್ಧತಿಯಂತೆ ಮುದುಕರು ಕೆಳಗಿನ ಮೂಲೆಯಲ್ಲಿ ಸ್ಟುಡಿಯೋದ ಹೆಸರು ಬರೆಯಲು ಬಿಳಿ ಬಣ್ಣ ಕಲಸಿದರು.

“ತಡೀರಿ,” ಎಂದರು ಅಪ್ಪ. “ಅಲ್ಲಿ ನನ್ನ ಮಗಳ ಹೆಸರು ಬರೀರಿ. ಸ್ವಲ್ಪ ದೊಡ್ಡದಾಗಿ ಬರೀರಿ, ಬಾಗಿಲಲ್ಲಿ ನಿಂತೋರಿಗೂ ಕಾಣಬೇಕು.”

ಮುದುಕರು ಕುಂಚ ಅದ್ದಿ ನನ್ನತ್ತ ನೋಡಿದರು. ನಾನು ಒಂದೊಂದೇ ಅಕ್ಷರ ಹೇಳುತ್ತ ಹೋದೆ. ನಡುವೆ ಕಣ್ಣೊರೆಸಿಕೊಳ್ಳಲು ಆಚೆ ತಿರುಗಿದೆ. ಕೊನೆಯ ಅಕ್ಷರವನ್ನು ಅಪ್ಪನೇ ಹೇಳಬೇಕಾಯಿತು.