ನಿದ್ದೆಯಮ್ಮನ ನಲವತ್ತು ಚೀಟಿಗಳು

ಆಪರೇಷನ್ ಥಿಯೇಟರಿನಲ್ಲಿ ಅವಳ ಜಾಗ ರೋಗಿಯ ತಲೆದೆಸೆ. ಅರಿವಳಿಕೆ ಡಾಕ್ಟರ ಪಕ್ಕ ನಿಂತು ಸಿರಿಂಜುಗಳಿಗೆ ಔಷಧಿಯ ಹೆಸರು ಅಂಟಿಸುವುದು, ಉಸಿರಿನ ಕೊಳವೆ ಪರೀಕ್ಷಿಸುವುದು, ಯಂತ್ರದ ಪರದೆಯಿಂದ ಕಣ್ಣು ಕೀಳದಿರುವುದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಆಸ್ಪತ್ರೆಯವರೆಲ್ಲ ಅವಳನ್ನು ‘ನಿದ್ದೆಯಮ್ಮ’ ಎನ್ನುತ್ತಿದ್ದರು. ಎದುರಿಗೇ ಅಂದರೂ ಅವಳಿಗೆ ಬೇಜಾರಿರಲಿಲ್ಲ.

ಒಂದು ಭಾನುವಾರ ಊಟಕ್ಕೆ ಬಂದ ಅಕ್ಕನ ಮಗಳು ಕಾಲೇಜಿನ ಸುದ್ದಿ ತೆಗೆದಳು. ಮಾದಕ ವಸ್ತುಗಳ ಬಗ್ಗೆ ಯಾರೋ ಭಾಷಣ ಮಾಡಿದ್ದರಂತೆ. ಪರದೆ ತುಂಬ ತಲೆಬುರುಡೆಯ ಚಿತ್ರಗಳು.

“ಹಿಂದಿನ ಬೆಂಚಿನವರು ಆ ಬುರುಡೆಗೆ ನಮ್ಮ ಪ್ರಿನ್ಸಿಪಾಲರ ಹೆಸರಿಟ್ರು, ಚಿಕ್ಕಮ್ಮ. ನೆನಪಿರೋದು ಅಷ್ಟೇ.”

ನಿದ್ದೆಯಮ್ಮನಿಗೆ ನಗು ಬಂತು, ಬೆನ್ನಿಗೇ ಕುತೂಹಲವೂ. “ಸರಿ, ನಿಮಗೆ ನಿಜವಾಗಿ ಏನು ತಿಳ್ಕೋಬೇಕಿತ್ತು?”

“ಎಲ್ಲರನ್ನೂ ಕೇಳ್ಕೊಂಡು ಬರ್ತೀನಿ,” ಎಂದಳು ಹುಡುಗಿ. ವಾರದೊಳಗೆ ಗೆಳೆಯರಿಂದ ಹೆಸರಿಲ್ಲದ ನಲವತ್ತು ಚೀಟಿ ಬರೆಸಿಕೊಂಡು ತಂದಳು. ‘ಗಾಂಜಾ ಸೇದಿದರೆ ಹೊತ್ತೇ ಸರಿಯುವುದಿಲ್ಲವಂತೆ, ಯಾಕೆ?’ ‘ಡಾಕ್ಟರು ಕೊಟ್ಟರೆ ಔಷಧಿ, ನಾವು ತಗೊಂಡರೆ ವಿಷ, ಅದು ಹೇಗೆ?’ ಅರ್ಧಕ್ಕರ್ಧ ಅವಳಿಗೂ ಗೊತ್ತಿರಲಿಲ್ಲ. ಡಾಕ್ಟರ ಬೆನ್ನು ಬಿದ್ದಳು. “ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದ್ದೀರಿ?” ಎಂದು ಛೇಡಿಸಿದರೂ ಅವರು ತಮ್ಮ ಹಳೆಯ ಪುಸ್ತಕ ಕೊಟ್ಟರು.

ಅಕ್ಕನ ಮಗಳು ಪ್ರಿನ್ಸಿಪಾಲರನ್ನು ಒಪ್ಪಿಸಿ ಅವಳನ್ನು ಕಾಲೇಜಿಗೆ ಮಾತಾಡಲು ಕರೆಸಿದಳು. ಅಲ್ಲಿ ಅವಳು ಚಿತ್ರ ತೋರಿಸಲಿಲ್ಲ. ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಓದುತ್ತಾ ಹೋದಳು. ‘ಒಂದೇ ಸಲ ತಗೊಂಡರೆ ಏನಾಗುತ್ತದೆ?’

“ಗೊತ್ತಿಲ್ಲ,” ಎಂದಳು. ಮೊಬೈಲು ನೋಡುತ್ತಿದ್ದವರೂ ತಲೆಯೆತ್ತಿದರು. “ಒಂದೇ ತೂಕದ ಇಬ್ಬರಿಗೆ ಒಂದೇ ಅಳತೆ ಔಷಧಿ ಕೊಡ್ತೀವಿ. ಒಬ್ಬರು ಮಗು ಥರ ಮಲಗ್ತಾರೆ, ಇನ್ನೊಬ್ಬರ ಉಸಿರು ಕುಗ್ಗುತ್ತೆ. ಅದಕ್ಕೇ ನಾವು ಪಕ್ಕದಲ್ಲೇ ಇರೋದು. ಹೊರಗೆ ಸಿಗೋ ಪುಡೀಲಿ ಏನಿದೆ, ಎಷ್ಟಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಕೆಲವು ಮಾತ್ರೆ ನುಂಗಿ ಮೇಲೆ ಮದ್ಯ ಕುಡಿದ್ರೆ ಉಸಿರೇ ನಿಲ್ಲಬಹುದು. ಆಗ ನಿಮ್ಮ ಉಸಿರು ನೋಡ್ಕೊಳ್ಳೋಕೆ ಯಾರಿರ್ತಾರೆ?”

ಅವಳು ಮುಂದಿನ ಚೀಟಿ ಬಿಡಿಸಿದಳು. ಹೊರಡುವಾಗ ಮೆಟ್ಟಿಲ ಬಳಿ ಒಬ್ಬ ವಿದ್ಯಾರ್ಥಿನಿ ತಡೆದಳು.

“ನಮ್ಮಣ್ಣ ಒಂದು ವರ್ಷದಿಂದ ಡಾಕ್ಟರನ್ನ ಕೇಳದೆ ನಿದ್ದೆ ಮಾತ್ರೆ ನುಂಗ್ತಿದ್ದಾನೆ. ಇವತ್ತೇ ಎಲ್ಲಾ ಎಸೆದುಬಿಡ್ಲಾ?”

“ಬೇಡ. ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು. ದಿನಕ್ಕೆಷ್ಟು ಅಂತ ಬೈಯದೆ ಕೇಳು. ಆಮೇಲೆ ಡಾಕ್ಟರ ಹತ್ರ ಕರ್ಕೊಂಡು ಬಾ.”

ಮೂರನೇ ದಿನ ಅಣ್ಣತಂಗಿ ಇಬ್ಬರೂ ಆಸ್ಪತ್ರೆಗೆ ಬಂದರು. ಛಾಪಖಾನೆಯಲ್ಲಿ ಕೆಲಸ ಮಾಡುವ ಅಣ್ಣ ಶಾಯಿ ಮೆತ್ತಿದ ಬೆರಳುಗಳನ್ನೇ ನೋಡುತ್ತಾ ಕೂತಿದ್ದ. ಮನೋವೈದ್ಯರು ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ನಡುವೆ ಒಮ್ಮೆ ಅವನು ಜಾರಿದ, ಕದ್ದುಮುಚ್ಚಿ ಮಾತ್ರೆಯ ಮತ್ತೊಂದು ಪಟ್ಟಿ ಕೊಂಡ, ಆಮೇಲೆ ತಾನೇ ಬಂದು ಒಪ್ಪಿಕೊಂಡ. ಪೂರ್ತಿ ಬಿಡಲು ಎಂಟು ತಿಂಗಳು ಹಿಡಿಯಿತು.

ಕೊನೆಯ ಭೇಟಿಯ ದಿನ ಅವನು ನಿದ್ದೆಯಮ್ಮನನ್ನು ಹುಡುಕಿಕೊಂಡು ಬಂದ.

“ಮಾತ್ರೆ ಬಿಟ್ಟ ಮೇಲೆ ಕಂತೆಗಟ್ಟಲೆ ಕನಸು ಬೀಳ್ತಿವೆ, ಅಕ್ಕಾ. ಯಾಕೆ?”

ಅವಳು ಕುರ್ಚಿ ಎಳೆದುಕೊಂಡಳು. “ಕೂತ್ಕೊಳ್ಳಿ. ಮೊದಲು ಏನೇನು ಕನಸು ಅಂತ ಹೇಳಿ.”